ಇನ್ನೂ ಸ್ವಲ್ಪ ಎಡಕ್ಕೆ

ನಮ್ಮ ಮನೆಯಲ್ಲಿ ಕಾರು ಓಡಿಸುವವಳು ಹೆಂಡತಿ, ಕಾರಿಗೆ ದಾರಿ ಬಿಡಿಸಿಕೊಡುವವನು ನಾನು. ಈ ಹಂಚಿಕೆಯಲ್ಲಿ ಅನ್ಯಾಯವೇನೂ ಇಲ್ಲ. ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಮಾರುದ್ದ ಹೆಸರಿನ ಕಾಯಿಲೆ ಹೈಸ್ಕೂಲಿನಲ್ಲಿ ಇರುಳುಗುರುಡಾಗಿ ಶುರುವಾಗಿ, ನೋಟವನ್ನು ಅಂಚಿನಿಂದ ಒಳಕ್ಕೆ ಮೇಯುತ್ತಾ ಬಂದು, ಈಗ ಕಿಟಕಿ ಯಾವ ಕಡೆಗಿದೆ ಎಂದು ತಿಳಿಯುವಷ್ಟು ಬೆಳಕನ್ನು ಮಾತ್ರ ಉಳಿಸಿದೆ. ಇಂಥವನ ಕೈಗೆ ಸ್ಟಿಯರಿಂಗ್ ಕೊಡುವುದಕ್ಕಿಂತ ಸಲಿಕೆ ಕೊಡುವುದು ಕ್ಷೇಮ ಎಂಬ ವಿಷಯದಲ್ಲಿ ಅಮೆರಿಕದ ಕಾನೂನಿಗೂ ನನ್ನ ಹೆಂಡತಿಗೂ ಒಮ್ಮತವಿದೆ.

ಮಿನಿಯಾಪೊಲಿಸ್‌ನಲ್ಲಿ ಸಲಿಕೆಗೆ ಬಿಡುವು ಕಡಿಮೆ. ನವೆಂಬರಿನಿಂದ ಏಪ್ರಿಲ್‌ವರೆಗೆ ಹಿಮ ಬೀಳುತ್ತದೆ. ಇಲ್ಲಿನ ಹಳಬರ ಜೊತೆ ಐದು ನಿಮಿಷ ನಿಂತರೆ ಸಾಕು, 1991ರ ಹ್ಯಾಲೋವೀನ್ ಹಿಮದ ಕತೆ ಶುರು. ಆಗ ಊರಿಗೆ 28.4 ಇಂಚು ಬಿದ್ದಿತ್ತು. ಆ ದಶಮಾಂಶ ಬಿಂದುವನ್ನೂ ಬಿಡದೆ ಹೇಳುತ್ತಾರೆ. ನಮ್ಮ ಡ್ರೈವ್‌ವೇ ಹತ್ತಡಿ ಅಗಲ, ನಲವತ್ತಡಿ ಉದ್ದ. ಹತ್ತು ಇಂಚು ಹಿಮ ಕರಗಿದರೆ ಒಂದಿಂಚು ನೀರು ಎಂಬ ಹಳೇ ಲೆಕ್ಕ ಹಿಡಿದರೆ, ಎಂಟಿಂಚು ಬಿದ್ದ ದಿನ ನಾನು ಹೆಚ್ಚುಕಡಿಮೆ ಮುಕ್ಕಾಲು ಟನ್ ಪಕ್ಕಕ್ಕೆ ಸರಿಸಬೇಕು. ಅಮ್ಮನಿಗೆ ಫೋನಿನಲ್ಲಿ ಇದನ್ನು ಹೇಳಿದರೆ, “ಅಲ್ಲೆಲ್ಲ ಕೂಲಿಯವರು ಸಿಗಲ್ವೇನೋ?” ಎನ್ನುತ್ತಾಳೆ. ಸಿಕ್ಕಿದ್ದಾನಮ್ಮ, ನಿನ್ನ ಹತ್ತಿರವೇ ಮಾತಾಡುತ್ತಿದ್ದಾನೆ.

ರಾಜ್ಯೋತ್ಸವದ ಊಟದ ಸಾಲಿನಲ್ಲಿ ಬಿಸಿಬೇಳೆಬಾತಿನ ತಟ್ಟೆ ಹಿಡಿದವರೊಬ್ಬರು, “ಕಣ್ಣು ಕಾಣದೆ ಹಿಮ ಹೇಗೆ ತೆಗೀತೀರಿ?” ಎಂದು ಕೇಳಿದರು. ಹಿಮಕ್ಕೂ ಕಣ್ಣಿಲ್ಲ, ಅಲ್ಲಿಗಲ್ಲಿಗೆ ಸರಿಹೋಗುತ್ತದೆ ಎಂದೆ. ಅವರು ನಗಲಿಲ್ಲ. ಹಾಗಾಗಿ ಪೂರ್ತಿ ವಿವರಿಸಬೇಕಾಯಿತು.

ಗ್ಯಾರೇಜಿನ ಬಾಗಿಲಿಗೆ ಎರಡೂ ಹೆಗಲು ತಾಗುವಂತೆ ಬೆನ್ನು ಕೊಟ್ಟು ನಿಲ್ಲಬೇಕು. ಆಗ ಮೂಗು ರಸ್ತೆಗೆ ನೇರ. ಸಲಿಕೆಯನ್ನು ಎತ್ತಬಾರದು, ನೆಲಕ್ಕೊತ್ತಿ ತಳ್ಳುತ್ತಾ ಹೋಗಬೇಕು. ಕಾಂಕ್ರೀಟು ಮನಸ್ಸಿಗೆ ಬಂದಲ್ಲಿ ಬಿರುಕು ಬಿಡದಿರಲಿ ಎಂದು ಹಾಕುವಾಗಲೇ ಅದರಲ್ಲಿ ಅಡ್ಡಗೀರು ಕೊಯ್ದಿರುತ್ತಾರೆ. ಸಲಿಕೆಯ ಅಂಚು ಪ್ರತಿ ಗೀರಿಗೂ ‘ಟಕ್’ ಎನ್ನುತ್ತದೆ. ಎರಡನೇ ಟಕ್ ಎಂದರೆ ಅರ್ಧ ದಾರಿ. ಫುಟ್‌ಪಾತಿನ ಅಂಚಿನದು ಉಳಿದವಕ್ಕಿಂತ ದಪ್ಪ ದನಿಯ ಟಕ್. ಬರಿ ಕಾಂಕ್ರೀಟು ಸಿಕ್ಕಿತೆಂದರೆ ಕಾವಲಿಯ ಮೇಲೆ ದೋಸೆಯ ಮೊಗಚೆಕೈ ಆಡಿಸಿದ ಸದ್ದು. ಓರೆಯಾಗಿ ಹುಲ್ಲಿಗೆ ಇಳಿದರೆ ಸದ್ದು ಗಕ್ಕನೆ ನಿಂತು, ಸಲಿಕೆ ನೆಲ ಕಚ್ಚಿ, ಹಿಡಿ ಬಂದು ಹೊಟ್ಟೆಗೆ ಗುದ್ದುತ್ತದೆ. ಇಷ್ಟು ಖಚಿತವಾಗಿ ತಿದ್ದುವ ಮೇಷ್ಟ್ರು ನನಗೆ ಶಾಲೆಯಲ್ಲೂ ಸಿಕ್ಕಿರಲಿಲ್ಲ. ಒಂದು ಪಟ್ಟೆ ಮುಗಿದರೆ ವಾಪಸ್ ಬಂದು, ಅರ್ಧ ಸಲಿಕೆಯಷ್ಟು ಪಕ್ಕಕ್ಕೆ ಸರಿದು ಇನ್ನೊಂದು ಪಟ್ಟೆ. ಕೊನೆಗೆ ಕಾಲೆಳೆಯುತ್ತಾ ಅಡ್ಡಡ್ಡ ನಡೆದರೆ ಎಲ್ಲೆಲ್ಲಿ ಉಳಿದಿದೆ ಎಂದು ಬೂಟೇ ಹೇಳುತ್ತದೆ.

ಕಷ್ಟ ಬರುವುದು ಕಣ್ಣಿನಿಂದಲ್ಲ, ಕಿವಿಯಿಂದ. ನಾವು ಕಿವಿಯಲ್ಲೇ ಊರು ನೋಡುವವರು. ಗೋಡೆ ಹತ್ತಿರವಿದೆಯೆಂದು, ಸಂದಿ ಬಂತೆಂದು, ಕಾರು ನಿಂತಿದೆಯೆಂದು ತಿರುಗಿ ಬರುವ ಸದ್ದೇ ಹೇಳಬೇಕು. ಹೊಸ ಹಿಮದೊಳಗೆ ಗಾಳಿ ತುಂಬಿಕೊಂಡಿರುವುದರಿಂದ ಅದು ಸದ್ದನ್ನು ನುಂಗಿಬಿಡುತ್ತದೆ. ಕಣ್ಣಿದ್ದವರು “ಆಹಾ, ಎಂಥಾ ಪ್ರಶಾಂತತೆ!” ಎಂದು ಕಾಫಿ ಹಿಡಿದು ಕಿಟಕಿಯಲ್ಲಿ ನಿಂತಿರುವಾಗ, ನನ್ನ ಪಾಲಿಗೆ ಎದುರುಮನೆ, ಬೇಲಿ, ಮರ ಎಲ್ಲವೂ ರಾತ್ರೋರಾತ್ರಿ ಮನೆ ಖಾಲಿ ಮಾಡಿಕೊಂಡು ಹೋಗಿರುತ್ತವೆ. ಅದರ ಮೇಲೆ ಟೋಪಿಯ ಧರ್ಮಸಂಕಟ. ಮೈನಸ್ ಇಪ್ಪತ್ತೈದರಲ್ಲಿ ಗಾಳಿಯೂ ಬೀಸಿದರೆ ತೆರೆದ ಕಿವಿ ಅರ್ಧ ಗಂಟೆಯೊಳಗೆ ಮರಗಟ್ಟುತ್ತದೆ. ಉಣ್ಣೆ ಟೋಪಿ ಎಳೆದುಕೊಂಡರೆ ಇರುವ ದಾರಿದೀಪವೂ ಆರಿದಂತೆ. ಬೆರಳಿನದೂ ಅದೇ ಗೋಳು, ದಪ್ಪ ಕೈಗವಸಿನೊಳಗೆ ಅವು ಏನನ್ನೂ ಓದಲಾರವು. ಸರದಿಯ ಮೇಲೆ ಒಂದೊಂದೇ ಕಿವಿ ತೆರೆಯುವ ಪದ್ಧತಿ ಇಟ್ಟುಕೊಂಡಿದ್ದೇನೆ. ಹೊರಗಿನಿಂದ ನೋಡುವವರಿಗೆ ಟೋಪಿ ಹಾಕಿಕೊಳ್ಳಲೂ ಬರದವನೆಂದು ಕಂಡೀತು.

ಹಾಗೆಂದು ಹಿಮ ಪೂರಾ ಮೂಕವೂ ಅಲ್ಲ. ಸೊನ್ನೆಯ ಆಸುಪಾಸಿನಲ್ಲಿ ಬೂಟಿನಡಿ ಪಿಚಕ್ಕೆನ್ನುತ್ತದೆ. ಮೈನಸ್ ಹತ್ತು ದಾಟಿದರೆ ಹರಳುಗಳು ಕರಗುವ ಬದಲು ಮುರಿಯುವುದರಿಂದ ಕಿರ್ ಕಿರ್ ಎಂದು ಕಿರಗುಟ್ಟುತ್ತದೆ. ಉಪ್ಪು ಚೆಲ್ಲಬೇಕೋ ಬೇಡವೋ ಎಂಬುದನ್ನೂ ಅದರಿಂದಲೇ ತೀರ್ಮಾನಿಸುತ್ತೇನೆ. ಸುಮಾರು ಮೈನಸ್ ಒಂಬತ್ತರ ಕೆಳಗೆ ಸಾದಾ ಉಪ್ಪಿನ ಆಟ ನಡೆಯುವುದಿಲ್ಲ. ಕಿರಗುಟ್ಟಿದ ದಿನ ಮರಳು.

ದಿಕ್ಕು ತಪ್ಪದಿರಲು ಗ್ಯಾರೇಜಿನೊಳಗೆ ಫೋನಿಟ್ಟು ಆಕಾಶವಾಣಿ ಹಾಕುತ್ತೇನೆ. ಬೆನ್ನ ಹಿಂದೆ ಕೇಳಿದರೆ ನಡೆ ನೇರವಿದೆ, ಒಂದೇ ಕಿವಿಗೆ ಬಿದ್ದರೆ ಸೊಟ್ಟಗಾಗಿದೆ. ಚಳಿಗಾಲದಲ್ಲಿ ನಮಗೂ ಬೆಂಗಳೂರಿಗೂ ಹನ್ನೊಂದೂವರೆ ಗಂಟೆ ಅಂತರ, ನಮ್ಮ ಬೆಳಗ್ಗೆ ಏಳಕ್ಕೆ ಅಲ್ಲಿ ಸಂಜೆ ಆರೂವರೆ. ಶನಿವಾರ ತಡವಾಗಿ ಎದ್ದು ಸಲಿಕೆ ಹಿಡಿದರೆ ರೈತರಿಗೆ ಸಲಹೆ ಕೊಡುವ ಹೊತ್ತಾಗಿರುತ್ತದೆ. ಮೀಸೆಯ ಮೇಲೆ ಉಸಿರು ಮಂಜುಗಟ್ಟುತ್ತಿರುವಾಗ ಹಿಂದಿನಿಂದ ಒಂದು ಗಂಭೀರ ದನಿ, ಬಿಸಿಲು ಹೆಚ್ಚಿದೆ, ತೋಟಕ್ಕೆ ನೀರು ಹಾಯಿಸಿ ಎನ್ನುತ್ತದೆ.

ಬಿಳಿಕೋಲಿನ ವಿಚಾರವನ್ನೂ ಹೇಳಿಬಿಡಬೇಕು. 1921ರಲ್ಲಿ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಅಪಘಾತದಿಂದ ಕಣ್ಣು ಕಳೆದುಕೊಂಡ ಜೇಮ್ಸ್ ಬಿಗ್ಸ್ ಎಂಬ ಛಾಯಾಗ್ರಾಹಕ, ವಾಹನದವರಿಗೆ ಎದ್ದು ಕಾಣಲಿ ಎಂದು ತನ್ನ ಊರುಗೋಲಿಗೆ ಬಿಳಿ ಬಣ್ಣ ಬಳಿದನೆನ್ನುತ್ತಾರೆ. ಪುಣ್ಯಾತ್ಮ ಕಪ್ಪು ರಸ್ತೆಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬೇಕು. ಮಿನಿಯಾಪೊಲಿಸ್‌ನ ಜನವರಿಯಲ್ಲಿ ಬಿಳಿ ಕೋಲು ಹಿಡಿದವನಷ್ಟು ಅದೃಶ್ಯನಾದ ಮನುಷ್ಯ ಇನ್ನೊಬ್ಬನಿಲ್ಲ. ಕೆಳತುದಿಯ ಕೆಂಪು ಪಟ್ಟಿಯೊಂದು ಮಾನ ಕಾಯಬೇಕು, ಅದೋ ಹಿಮದೊಳಗೆ ಹೂತಿರುತ್ತದೆ.

ಇನ್ನು ಬೆಳಕು. ಹೆಂಡತಿ ಆರೂವರೆಗೆ ಡ್ಯೂಟಿಗೆ ಹೊರಡಬೇಕು, ಡಿಸೆಂಬರಿನಲ್ಲಿ ಸೂರ್ಯ ಏಳೂಮುಕ್ಕಾಲಿನ ತನಕ ಮುಖ ತೋರಿಸುವುದಿಲ್ಲ. ನನಗೆ ಸೂರ್ಯನ ಹಂಗಿಲ್ಲ. ದೀಪ ಹಾಕದೆ ಐದಕ್ಕೇ ಶುರುಮಾಡುತ್ತಿದ್ದೆ. ಒಂದು ಮುಂಜಾನೆ ಬಲಗಡೆಯ ಮನೆಯ ಹಿರಿಯರು ಟಾರ್ಚ್ ಹಿಡಿದು ಬಂದರು, ಕತ್ತಲಲ್ಲಿ ಯಾರೋ ಏನನ್ನೋ ಹೂಳುತ್ತಿದ್ದಾರೆಂದು ಅವರ ಹೆಂಡತಿಗೆ ಜೀವ ಬಾಯಿಗೆ ಬಂದಿತ್ತಂತೆ. “ಬೆಳಕು ಬೇಕಾ?” ಎಂದರು. ನಿಮಗೆ ಬೇಕಿದ್ದರೆ ಇಟ್ಟುಕೊಳ್ಳಿ, ನನ್ನದೇನೂ ಅಭ್ಯಂತರವಿಲ್ಲ ಎಂದೆ. ಈಗ ನಮ್ಮವಳು ಜಗಲಿ ದೀಪ ಹಾಕುತ್ತಾಳೆ. ನಿಮಗಲ್ಲ, ನೆರೆಹೊರೆಯವರ ಎದೆಗೆ, ಎನ್ನುತ್ತಾಳೆ.

ಈ ಹಿರಿಯರು ಒಳ್ಳೆಯವರು, ತೊಂದರೆಯೆಲ್ಲ ಅಲ್ಲೇ ಇರುವುದು. ಮಿನ್ನೆಸೋಟದ ಸೌಜನ್ಯ ಹೆಸರುವಾಸಿ. ನಾನು ಏಳುವ ಮೊದಲೇ ಸ್ನೋಬ್ಲೋವರ್ ತಂದು ನಮ್ಮ ಅಂಗಳವನ್ನೂ ಬಳಿದುಹೋಗುತ್ತಿದ್ದರು. ನೆಲ ಹೆಪ್ಪುಗಟ್ಟುವ ಮೊದಲು, ಅಂಚು ತಿಳಿಯಲೆಂದು ನಾನು ಅಳೆದೂ ಸುರಿದೂ ನೆಟ್ಟ ಫೈಬರ್ ಕಡ್ಡಿಗಳನ್ನು ಆ ಯಂತ್ರ ಸಾಲಾಗಿ ಮಲಗಿಸುತ್ತಿತ್ತು. ಅವರನ್ನು ಹಿಂದೆಹಾಕಲು ನಾನು ಇನ್ನೂ ಬೇಗ ಏಳತೊಡಗಿದೆ. ಅವರೂ ಬಿಡಲಿಲ್ಲ. ಯಂತ್ರ ಬಿಟ್ಟು ಬಂದು ಪಕ್ಕದಲ್ಲಿ ನಿಂತು ನಿರ್ದೇಶನ ಕೊಡಲು ಶುರುಮಾಡಿದರು: “ಎಡಕ್ಕೆ, ಇನ್ನೂ ಸ್ವಲ್ಪ ಎಡಕ್ಕೆ, ಅಯ್ಯೋ ಅಲ್ಲಲ್ಲ, ಅಲ್ಲಿ! ಅಲ್ಲಿ!” ಎದುರುಬದುರು ನಿಂತಾಗ ಅವರ ಎಡ ನನ್ನ ಬಲ. ಇನ್ನು ಆ ‘ಅಲ್ಲಿ’ ಎಲ್ಲಿದೆಯೆಂದು ತಿಳಿಯಬೇಕಾದರೆ ಅವರ ಬೆರಳು ಕಾಣಬೇಕು. ಬೆರಳು ಕಂಡಿದ್ದರೆ ಹಿಮವೂ ಕಾಣುತ್ತಿತ್ತು.

ನಮ್ಮಿಬ್ಬರಿಗೂ ಸಮಾನ ಶತ್ರು ಎಂದರೆ ರಸ್ತೆ ಬಳಿಯುವ ಪ್ಲೋ ಲಾರಿ. ನಮ್ಮಲ್ಲಿ ಲಾರಿಗಳಿಗೆ ದೇವರ ಹೆಸರಿಡುವಂತೆ ಈ ರಾಜ್ಯದ ಹೆದ್ದಾರಿ ಪ್ಲೋಗಳಿಗೂ ನಾಮಕರಣವಿದೆ. ಜನರಿಂದ ಮತ ಪಡೆದು 2021ರಲ್ಲಿ ಒಂದಕ್ಕೆ ಪ್ಲೋವಿ ಮೆಕ್‌ಪ್ಲೋಫೇಸ್ ಎಂದೂ 2022ರಲ್ಲಿ ಇನ್ನೊಂದಕ್ಕೆ ಬೆಟ್ಟಿ ವೈಟ್‌ಔಟ್ ಎಂದೂ ಇಟ್ಟರು. ನಮ್ಮ ಬೀದಿಗೆ ಬರುವುದು ಊರಿನ ಲಾರಿ, ಅದಕ್ಕೆ ನನ್ನ ಹೆಂಡತಿ ಇಟ್ಟಿರುವ ಹೆಸರು ಅಚ್ಚು ಹಾಕುವಂಥದಲ್ಲ. ನಾನು ಮುಗಿಸಿ ಸಲಿಕೆ ಝಾಡಿಸುವ ಹೊತ್ತಿಗೆ ಗುಡುಗುಡು ಬಂದು, ಡ್ರೈವ್‌ವೇಯ ಬಾಯಿಗೆ ಮೊಣಕಾಲೆತ್ತರದ ಗಟ್ಟಿ ಒಡ್ಡು ಕಟ್ಟಿಹೋಗುತ್ತದೆ. ನಮ್ಮ ಹಿಮವನ್ನು ನಾವು ರಸ್ತೆಗೆ ತಳ್ಳಿದರೆ ಅಪರಾಧ, ರಸ್ತೆಯ ಹಿಮವನ್ನು ಅವರು ನಮ್ಮ ಬಾಗಿಲಿಗೆ ತಳ್ಳಿದರೆ ಸೇವೆ. ಇದರ ಜೊತೆಗೆ ಹಿಮ ನಿಂತ 24 ಗಂಟೆಯೊಳಗೆ ಮನೆಮುಂದಿನ ಫುಟ್‌ಪಾತನ್ನೂ ಅಂಚಿನಿಂದ ಅಂಚಿಗೆ ನೆಲ ಕಾಣುವಂತೆ ಬಳಿಯಬೇಕು ಎಂದು ಊರಿನ ಕಾನೂನು. ಕಾಣುವಂತೆ, ಯಾರಿಗೆ ಎಂದು ಬರೆದಿಲ್ಲ.

ಆ ಒಡ್ಡಿನ ಮುಂದೆಯೇ ನಮ್ಮ ಸಂಧಾನವಾಯಿತು. ಒಡ್ಡು ಒಡೆಯುವುದು, ಫುಟ್‌ಪಾತು ಬಳಿಯುವುದು ಅವರ ಯಂತ್ರಕ್ಕೆ. ಯಂತ್ರ ನನ್ನ ಕಡ್ಡಿಗಳನ್ನು ದಾಟಿ ಒಳಗೆ ಬರುವಂತಿಲ್ಲ. ಬದಲಿಗೆ ಅವರ ಮನೆಯ ಮೆಟ್ಟಿಲು ನನಗೆ. ಅಲ್ಲಿ ಸೂರಿನಿಂದ ತೊಟ್ಟಿಕ್ಕಿದ ನೀರು ಗಾಜಿನಂತೆ ಹೆಪ್ಪುಗಟ್ಟುತ್ತದೆ. ಕಪ್ಪು ಕಲ್ಲಿನ ಮೇಲಿನ ಆ ಪೊರೆ ಅವರ ಕನ್ನಡಕಕ್ಕೆ ಕಾಣುವುದಿಲ್ಲ. ನನ್ನ ಕೋಲು ಮಾತ್ರ ತಾಗಿದ ತಕ್ಷಣ ಜಾರಿ ಚಾಡಿ ಹೇಳುತ್ತದೆ. ಸಿಕ್ಕಿದ್ದನ್ನು ಕುಟ್ಟಿ ಕೆದಕಿ ಮರಳು ಚೆಲ್ಲಿ ಬರುತ್ತೇನೆ. ಅವರು ಬಾಗಿಲಲ್ಲಿ ಕಾಫಿ ಲೋಟ ಹಿಡಿದು ನಿಂತಿರುತ್ತಾರೆ.

“ಅಲ್ಲಿ,” ಎನ್ನುತ್ತಾರೆ, “ಇನ್ನೂ ಸ್ವಲ್ಪ ಎಡಕ್ಕೆ.”