ಸೈಲೆಂಟ್ ಮಾಸ್ತರರು

ಸೊಲ್ಲಾಪುರದ ಬಾಳಿವೇಸದಿಂದ ಅಕ್ಕಲಕೋಟದ ಎಸ್‌ಟಿ ಸ್ಟ್ಯಾಂಡಿನವರೆಗೆ, ಕನ್ನಡದವರಿರುವ ಗಲ್ಲಿಗೊಬ್ಬರಾದರೂ ಇಂಥವರು ಇದ್ದೇ ಇರುತ್ತಾರೆ. ಕನ್ನಡ ಶಾಲೆಯಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತರಾದವರು. ನೌಕರಿ ಬಿಟ್ಟರೂ ಜೇಬಿನ ಕೆಂಪು ಪೆನ್ನು ಬಿಟ್ಟಿಲ್ಲ. ಮದುವೆಯ ಕಾರ್ಡು ಕೊಟ್ಟರೆ ಮುಹೂರ್ತ ನೋಡುವುದಿಲ್ಲ. 'ವೆನ್ಸ್‌ಡೇ'ಗೆ ಮೊದಲನೆಯ 'ಡಿ' ಹಾಕಿದ್ದಾರೋ ಇಲ್ಲವೋ ನೋಡುತ್ತಾರೆ. ಹಾಕಿದ್ದರೆ ಸಮಾಧಾನ. ಆದರೆ ಕೊಟ್ಟವನು ಅದನ್ನು 'ವೆಡ್ನೆಸ್‌ಡೇ' ಎಂದು ಓದಿದನೋ, ಕೆಟ್ಟ. "ಬರೀಬೇಕು, ಅನ್ನಬಾರದು!" ಹೆಸರು ಏನೇ ಇರಲಿ, ಊರವರಿಗೆ ಅವರು ಸೈಲೆಂಟ್ ಮಾಸ್ತರರು. ಸೈಲೆಂಟ್ ಇರುವುದು ಅಕ್ಷರ ಮಾತ್ರ.

ದಿನಾ ನೀರು ಬಾರದ ಊರಿನಲ್ಲಿ ನೀರು ಬಂದ ದಿನವೇ ನಳ ಸೋರುತ್ತದೆ. ಹುಡುಗನೊಬ್ಬ ಓಡಿ ಬರುತ್ತಾನೆ.

"ನಾ ಪ್ಲಂಬರ್ ರೀ ಸರ್."

"ಪ್ಲಂಬರ್ ಅಲ್ಲೋ ತಮ್ಮಾ, ಪ್ಲಮ್ಮರ್. ಬಿ ಸೈಲೆಂಟ್."

"ಆಗ್ಲಿ ಬಿಡ್ರಿ. ಮೊದ್ಲ ಈ ನಳಾ ಸೈಲೆಂಟ್ ಮಾಡ್ತೀನಿ."

ಅವನು ಪಾನಾ ತಿರುಗಿಸುವಷ್ಟರಲ್ಲಿ ಪಾಠ ಮುಗಿದಿರುತ್ತದೆ: ಲ್ಯಾಟಿನ್ನಿನಲ್ಲಿ ಸೀಸಕ್ಕೆ 'ಪ್ಲಂಬಮ್', ರೋಮಿನವರ ನೀರಿನ ಕೊಳವೆ ಸೀಸದ್ದು, ಬಿ ಬಂದದ್ದು ಅಲ್ಲಿಂದ.

ಅವರ ವಿದ್ಯೆ ಪೊಳ್ಳಲ್ಲ. ಸಾಲ ಎಂಬರ್ಥದ 'ಡೆಟ್' ಶಬ್ದವನ್ನು ಇಂಗ್ಲಿಷರು ಹಿಂದೆ ಬಿ ಇಲ್ಲದೆಯೇ ಬರೆಯುತ್ತಿದ್ದರು. ಲ್ಯಾಟಿನ್ನಿನ 'ಡೆಬಿಟಮ್' ನೆನೆದ ಪಂಡಿತರು ನಡುವೆ ಬಿ ತೂರಿಸಿದರು. 'ಐಲೆಂಡ್'ನೊಳಗೆ ಎಸ್ ಸೇರಿದ್ದು ಬರೀ ಭ್ರಮೆಯಿಂದ. 'ನೈಫ್'ನ ಕೆ ಮಾತ್ರ ಒಂದು ಕಾಲಕ್ಕೆ ಬಾಯಲ್ಲಿ ಇದ್ದದ್ದೇ. 1476ರಲ್ಲಿ ಕ್ಯಾಕ್ಸ್ಟನ್ ವೆಸ್ಟ್‌ಮಿನ್‌ಸ್ಟರಿನಲ್ಲಿ ಅಚ್ಚುಕೂಟ ಹೂಡಿದ ಮೇಲೆ ಕಾಗುಣಿತ ಮೆಲ್ಲಗೆ ಗಟ್ಟಿಯಾಯಿತು, ನಾಲಿಗೆ ಹೊರಳುತ್ತಲೇ ಹೋಯಿತು. ಇಷ್ಟನ್ನೂ ಅವರು ಹೇಳುವುದು ಬ್ಯಾಂಕಿನ ಸರದಿಯಲ್ಲಿ ನಿಂತು. ಹಿಂದಿನವನು 'ರಿಸಿಪ್ಟ್' ಅಂದದ್ದೇ ನೆಪ. ಅವನೂ ಜಾಣ, "ಹಂಗಾದ್ರ ಪಾವತಿ ಕೊಡ್ರಿ" ಎಂದು ಮರಾಠಿಗೆ ಜಿಗಿದು, ಮಾಸ್ತರರು ನುಂಗಿಸಿದ 'ಪ'ವನ್ನು ಬಾಯ್ತುಂಬ ಅಂದು ಹೋಗುತ್ತಾನೆ.

ಇಷ್ಟು ಚುರುಕು ಕಿವಿಗೆ ಊರ ಮಾತು ಮಾತ್ರ ಕೇಳಿಸುವುದಿಲ್ಲ. ಸಿದ್ಧರಾಮರ ಸೊನ್ನಲಿಗೆ ನಮ್ಮ ಬಾಯಲ್ಲಿ ಸೊಲ್ಲಾಪುರ, ಮರಾಠಿಯಲ್ಲಿ ಸೋಲಾಪೂರ್, ಬ್ರಿಟಿಷರ ದಫ್ತರದಲ್ಲಿ ಶೋಲಾಪುರ. ಮರಾಠಿಯವರು ಕೊನೆಯ 'ರ'ವನ್ನು ಪೂರ್ತಿ ಬರೆದು ಅರ್ಧ ಅನ್ನುತ್ತಾರೆ. ಅಕ್ಕಲಕೋಟದ 'ಟ'ದ ಗತಿಯೂ ಅದೇ. ಅವರು ಹೀಗೆ ಉಳಿಸಿದ ಸ್ವರವನ್ನು ತೆಲುಗು ನೇಕಾರರೂ ನಾವೂ ಧಾರಾಳವಾಗಿ ಖರ್ಚು ಮಾಡಿ 'ಬಸ್ಸು', 'ಕಾರು' ಅನ್ನುತ್ತೇವೆ. ಮಾಸ್ತರರೋ, ರೈಲು ಹಿಡಿಯಲು 'ಇಸ್ಟೇಷನ್'ಗೆ ಹೋಗುತ್ತಾರೆ. ಆ 'ಇ' ಎಲ್ಲಿಂದ ಬಂತೆಂದು ಕೇಳುವ ಧೈರ್ಯ ಯಾರಿಗಿದೆ?

ಇದ್ದರೆ ಮೊಮ್ಮಗಳಿಗೆ. ರಜೆಗೆ ಪುಣೆಯಿಂದ ಬಂದವಳು 'ಆಫ್ಟನ್' ಅನ್ನುತ್ತಾಳೆ.

"ಆಫನ್ ಅನ್ನವ್ವಾ. ಟಿ ಸೈಲೆಂಟ್."

"ಈಗ ಎರಡೂ ನಡೀತದ ಅಜ್ಜಾ," ಎಂದು ಡಿಕ್ಷನರಿ ತೆರೆದು ತೋರಿಸುತ್ತಾಳೆ.

ಬಾಯಿಂದ ಬಿದ್ದುಹೋಗಿದ್ದ ಅಕ್ಷರವನ್ನು ಬರಹ ನೋಡಿ ನೋಡಿ ಇಂಗ್ಲಿಷರೇ ಮತ್ತೆ ಎಬ್ಬಿಸಿದ್ದಾರೆ! ಒಂದು ಕಪ್ಪು ಚಹಾ ಮುಗಿಯುವಷ್ಟು ಹೊತ್ತು ಮಾಸ್ತರರು ನಿಜಕ್ಕೂ ಸೈಲೆಂಟ್.

ನಗುವುದು ಸುಲಭ. ಆದರೆ ಮನೆಯಲ್ಲಿ ಕನ್ನಡ, ಕಚೇರಿಯಲ್ಲಿ ಮರಾಠಿ ಎಂದು ಬೆಳೆದ ಗಡಿಯ ಮಕ್ಕಳ ಕೈಗೆ ಇಂಗ್ಲಿಷ್ ಎಟುಕಿಸಿದವರು ಇವರೇ. ಸಿಕ್ಕರೆ ತಿದ್ದಿಸಿಕೊಳ್ಳಿ, ನಷ್ಟವಿಲ್ಲ. ಅಕ್ಕಲಕೋಟದ ಕೊನೆಯ ಎಸ್‌ಟಿ ಹಿಡಿಯುವ ಅವಸರವಿದ್ದರೆ ಮಾತ್ರ ಅವರ ಮುಂದೆ 'ನಾಲೆಡ್ಜ್' ಎಂಬ ಶಬ್ದ ಎತ್ತಬೇಡಿ.