ನಾಲ್ಕಕ್ಕೆ ನಾಲ್ಕು ಕೂಡಿಸಿದರೆ ನಾಲ್ಕೇ

ಗದಗ ಸೀಮೆಯ ಮಂದಿಗೆ ಲೆಕ್ಕ ಕಲಿಸಲು ಹೋದವರು ಲೆಕ್ಕ ಕಲಿತು ಬಂದಿದ್ದಾರೆ. ಎಪಿಎಂಸಿಯಲ್ಲಿ ಹೆಸರುಕಾಳಿನ ಚೀಲ ಕಾಟಾ ಏರಿದಾಗ ಅರ್ಧ ಕಿಲೊ ಆಚೀಚೆ ಆದರೂ ಧ್ವನಿ ಏರುತ್ತದೆ. ಎತ್ತು ಕೊಳ್ಳುವಾಗ ಬಾಯಿ ಅಗಲಿಸಿ ಹಲ್ಲು ಎಣಿಸುತ್ತಾರೆ, ನಾಲ್ಕು ಹೆಜ್ಜೆ ನಡೆಸಿ ನೋಡುತ್ತಾರೆ. ಅದೇ ಮಂದಿ ಮೊಬೈಲ್ ಅಂಗಡಿಯ ಗಾಜಿನ ಬಾಗಿಲು ದೂಡಿದ ಕೂಡಲೇ ಎಣಿಕೆ ಬಿಡುತ್ತಾರೆ. ಡಬ್ಬಿಯ ಮೇಲೆ ಅಚ್ಚಾದದ್ದೇ ವೇದ. ಮುದ್ರಣಕಾಶಿ ಅನ್ನಿಸಿಕೊಂಡ ಊರು ಅಚ್ಚಾದದ್ದನ್ನು ನಂಬದೆ ಇನ್ನೇನು ಮಾಡೀತು!

ನನ್ನ ಹಳೇ ಫೋನಿನ ಬ್ಯಾಟರಿ ಉಬ್ಬಿ ಬೆನ್ನು ಬಿರಿದಿತ್ತು. ಹತ್ತು ಸಾವಿರದೊಳಗೆ ಒಂದು ಕೊಡಪ್ಪಾ ಅಂದೆ. ಅಂಗಡಿಯ ಹುಡುಗ ಡಬ್ಬಿಯೊಂದನ್ನು ಮುಂದಿಟ್ಟ.

"ಎಂಟ್ ಜಿಬಿ ರ‍್ಯಾಮ್ ಐತ್ರಿ."

"ಇಷ್ಟ ರೊಕ್ಕಕ್ಕ ಎಂಟಾ?"

"ನಾಕ್ ಅಸಲಿ, ನಾಕ್ ವರ್ಚುವಲ್ರಿ."

"ವರ್ಚುವಲ್ ಅಂದ್ರ?"

"ಅಂದ್ರ... ಇರಂಗಿಲ್ರಿ, ಆದ್ರ ಇರ್ತೈತಿ."

ಮುಳಗುಂದ ನಾಕಾದಲ್ಲಿ ನಿಂತು ಅಲ್ಲಮನ ಬೆಡಗು ಕೇಳುವ ಭಾಗ್ಯ ಎಲ್ಲರಿಗೂ ಬರುವುದಿಲ್ಲ. ಈ ಇಲ್ಲದ ನಾಲ್ಕು ಎಲ್ಲಿಂದ ಬರುತ್ತದೆ? ಫೋಟೊ, ವಿಡಿಯೊ ಇಡಲು ಕೊಟ್ಟ 64 ಜಿಬಿಯೊಳಗಿಂದಲೇ ಕಡ ತರುತ್ತದೆ. ಆ ಜಾಗವೋ ರ‍್ಯಾಮಿನ ವೇಗದ ಹತ್ತಿರಕ್ಕೂ ಬಾರದ್ದು. ಅಂದರೆ ನಮ್ಮ ಬಲಗಿಸೆಯ ರೊಕ್ಕ ತೆಗೆದು ಎಡಗಿಸೆಯಲ್ಲಿಟ್ಟು ಆದಾಯ ಡಬಲ್ ಆಯಿತೆನ್ನುತ್ತಾರೆ. ರಾಜ್ಯ ಬಜೆಟ್ ಬರೆಯುವವರು ಈ ಕಂಪನಿಗಳಲ್ಲಿ ಒಂದು ವಾರ ತರಬೇತಿ ಪಡೆಯಬಹುದು.

ಆ 64 ಆದರೂ ಪೂರ್ತಿ ಸಿಗುತ್ತದೆಯೇ? ಫೋನು ಮೊದಲ ಸಲ ಕಣ್ಣು ಬಿಟ್ಟಾಗ ಸೆಟ್ಟಿಂಗ್ಸ್ ತೆರೆದು ನೋಡಿ. ನೀವು ಒಂದು ಫೋಟೊ ತೆಗೆಯುವ ಮೊದಲೇ ಹೆಚ್ಚುಕಡಿಮೆ ಮೂರರಲ್ಲೊಂದು ಪಾಲು ಮಾಯ. ಮನೆ ಬಾಡಿಗೆಗೆ ಹಿಡಿದು ಕೀಲಿ ತೆಗೆದರೆ ಒಳಗೆ ಮೂವತ್ತು ಮಂದಿ ಪಂಕ್ತಿ ಹಾಕಿ ಕೂತಿದ್ದಾರೆ: ಸಾಲದ ಆಪು, ಶಾಪಿಂಗ್ ಆಪು, ಕಂಪನಿಯ ಎರಡನೇ ಬ್ರೌಸರು, ಮೂರನೇ ಗ್ಯಾಲರಿ. ಕೆಲವರನ್ನು ಹೊರಗೆ ಹಾಕಬಹುದು. ಕೆಲವರನ್ನು ಬರೀ ಮಲಗಿಸಬಹುದು. ಅಪ್‌ಡೇಟ್ ಬಂದ ರಾತ್ರಿ ಅವರೂ ಎದ್ದು ಕೂರುತ್ತಾರೆ. ಟೈಮ್ ನೋಡೋಣವೆಂದು ಪರದೆ ಬೆಳಗಿಸಿದರೆ ಟೈಮಿಗಿಂತ ಮುಂಚೆ ಜಾಹೀರಾತು. ಫೋನು ಅಗ್ಗ ಹೇಗಾಯಿತೆಂಬ ಗುಟ್ಟು ಇಲ್ಲೇ ಇದೆ: ಅಂಗಡಿಯವ ನಮಗೆ ಫೋನು ಮಾರಿದ, ಫೋನು ನಮ್ಮನ್ನು ಮಾರುತ್ತಿದೆ.

ಇನ್ನು ಕ್ಯಾಮೆರಾದ ಮಾತು. ಗದಗಿನ ತ್ರಿಕೂಟೇಶ್ವರನ ಗುಡಿಯಲ್ಲಿ ಒಂದೇ ಪೀಠದ ಮೇಲೆ ಮೂರು ಲಿಂಗ, ಮೂರಕ್ಕೂ ಪೂಜೆ. ನನ್ನ ಫೋನಿನ ಬೆನ್ನ ಮೇಲೂ ಮೂರು ಕಣ್ಣು. ಅನುಮಾನ ಬಂದು ಒಂದೊಂದರ ಮೇಲೆ ಬೆರಳಿಟ್ಟು ಕಿಟಕಿಯ ಕಡೆ ತಿರುಗಿಸಿದೆ. ಮೇಲಿನದನ್ನು ಮುಚ್ಚಿದಾಗ ಪರದೆ ಕಪ್ಪಾಯಿತು. ನಡುವಿನದನ್ನು ಮುಚ್ಚಿದಾಗ ಕಿಟಕಿ, ಪರದೆ, ಹೊರಗಿನ ಬೇವಿನಮರ ಎಲ್ಲ ಹಾಗೆಯೇ ಇದ್ದವು. ಕೆಳಗಿನ ಕಣ್ಣಂತೂ ಕಣ್ಣೇ ಅಲ್ಲ, ಗಾಜಿನಡಿ 'ಎಐ' ಎಂಬ ಎರಡಕ್ಷರ. ಕೆಲಸ ಮಾಡುವ ಆ ಒಂದು 50 ಮೆಗಾಪಿಕ್ಸೆಲ್ಲಿನದಂತೆ. ಹೌದು, ಸುಳ್ಳಲ್ಲ. ನಾಲ್ಕು ಚುಕ್ಕೆ ಕೂಡಿಸಿ ಒಂದು ಮಾಡಿ ಫೋಟೊ ಕೊಡುತ್ತದಾದ್ದರಿಂದ ಕೈಗೆ ಬರುವುದು ಹನ್ನೆರಡೂವರೆ. ಕೂಡಿಸಿದರೆ ಹೆಚ್ಚಾಗುವುದಿಲ್ಲ, ಕಡಿಮೆಯಾಗುತ್ತದೆ. ಇದು ನಮ್ಮ ಸಮಿತಿಗಳ ಗಣಿತ.

ಮುಂದಿನ ಕ್ಯಾಮೆರಾಕ್ಕೆ ಚೆಲುವಿನ ಫಿಲ್ಟರು ಕಾರ್ಖಾನೆಯಿಂದಲೇ ಹಾಕಿ ಕಳಿಸಿದ್ದಾರೆ. ಶಿರಹಟ್ಟಿಯ ಫಕೀರೇಶ್ವರ ಮಠ ಹಿಂದೂ-ಮುಸ್ಲಿಂ ಭೇದ ಬೇಡವೆಂದು ತಲೆತಲಾಂತರದಿಂದ ಹೇಳುತ್ತ ಬಂದಿದೆ. ಫೋನು ಭೇದ ಅಳಿಸುವ ರೀತಿ ಬೇರೆ: ಅದರ ಸೆಲ್ಫಿಯಲ್ಲಿ ಸ್ವಾಮಿ, ಸಾಬ, ಗೌಡ, ಗಾರೆಯವ ಎಲ್ಲರೂ ಬೆಳ್ಳಗೆ, ಎಲ್ಲರಿಗೂ ಒಂದೇ ಮೂಗು.

ಹಾಗಾದರೆ ಯಾಕೆ ಕೊಳ್ಳುತ್ತೀರಿ ಎಂದು ಬೆಂಗಳೂರಿನ ಜಾಣರು ಕೇಳುತ್ತಾರೆ. ಚಪಲಕ್ಕೆ ಕೊಳ್ಳುವವರು ಇದ್ದಾರೆ, ಇಲ್ಲವೆನ್ನುವುದಿಲ್ಲ. ಆದರೆ ಮುಂಡರಗಿಯ ರೈತ ಚಪಲಕ್ಕೆ ಕೊಂಡದ್ದಲ್ಲ. 2020ರ ಮುಂಗಾರಿನಿಂದ ಸರ್ಕಾರ ರೈತನ ಕೈಗೇ ಬೆಳೆ ಸಮೀಕ್ಷೆಯ ಆಪ್ ಕೊಟ್ಟಿತು. ಸರ್ವೆ ನಂಬರಿನೊಳಗೆ ನಿಂತು ಬೆಳೆಯ ಫೋಟೊ ಏರಿಸಬೇಕು. ಹಳೇ ಫೋನಿನ ಜಿಪಿಎಸ್ ಅವನನ್ನು ಅಣ್ಣನ ಹೊಲದಲ್ಲಿ ನಿಲ್ಲಿಸಿದರೆ, ಅಣ್ಣತಮ್ಮಂದಿರ ವ್ಯಾಜ್ಯ ಮೊದಲೇ ಗದಗಿನ ಕೋರ್ಟಿನಲ್ಲಿದ್ದರೆ, ಹೊಸದು ಕೊಳ್ಳದೆ ಗತಿಯಿಲ್ಲ. ಉದ್ಯೋಗ ಖಾತರಿಯಲ್ಲೂ ಇದೇ ಹಾಡು. 2023ರ ಜನವರಿ 1ರಿಂದ ದಿನಕ್ಕೆರಡು ಸಲ ಫೋಟೊ ತೆಗೆದು ಹಾಜರಿ ಹಾಕುವುದು ಕಡ್ಡಾಯವಾಯಿತು. ಕೂಲಿಕಾರರ ಹಾಜರಿ ಹಾಕುವ ಕಾಯಕಬಂಧುಗಳಿಗೆ ಕೆಲಸ ಸಿಕ್ಕಿತು, ಜೊತೆಗೆ ಫೋನಿನ ಖರ್ಚೂ ತಗುಲಿತು. ಮುಂದೆ 2025ರಲ್ಲಿ ಕೇಂದ್ರದ ಗ್ರಾಮೀಣಾಭಿವೃದ್ಧಿ ಸಚಿವಾಲಯವೇ, ಕೆಲವು ಕಡೆ ಫೋಟೊದ್ದೇ ಫೋಟೊ ತೆಗೆದು ಹಾಜರಿ ಹಾಕುತ್ತಿದ್ದಾರೆಂದು ರಾಜ್ಯಗಳಿಗೆ ಪತ್ರ ಬರೆಯಿತು. ವರ್ಚುವಲ್ ರ‍್ಯಾಮಿಗೆ ವರ್ಚುವಲ್ ಕೂಲಿ. ಜೋಡಿ ಸರಿಯಾಗಿಯೇ ಕೂಡಿದೆ.

ಟೈಪು ಮಾಡಲು ಬಾರದವರು ಮಾತಾಡಿದರೆ ಸಾಕು, ಫೋನು ಬರೆದುಕೊಳ್ಳುತ್ತದೆ ಎಂದೂ ಹುಡುಗ ಹೇಳಿದ್ದ. ಆ ಮಾತಿನ ಪರೀಕ್ಷೆ ಲಕ್ಷ್ಮೇಶ್ವರದಲ್ಲಿ ಆಯಿತು. ಲಕ್ಷ್ಮೇಶ್ವರವೆಂದರೆ ಹಳೆಯ ಪುಲಿಗೆರೆ. ಕನ್ನಡದ ತಿರುಳು ಎಲ್ಲಿದೆ ಎಂದು ಒಂಬತ್ತನೇ ಶತಮಾನದ ಕವಿರಾಜಮಾರ್ಗ ಪಟ್ಟಿ ಮಾಡಿದಾಗ ಕಿಸುವೊಳಲು, ಕೊಪಣ, ಒಂಕುಂದಗಳ ಜೊತೆ ಇದ್ದ ಊರು. ಪಂಪ ಮೆಚ್ಚಿದ ಕನ್ನಡ. ಆ ಊರಿನ ಪರಿಚಯದವರೊಬ್ಬರು ಬೆಳೆಸಾಲಿನ ನಡುವೆ ಕುಂಟೆ ಹೊಡೆಯಲು ಆಳನ್ನು ಕರೆಯುತ್ತ "ನಾಳಿ ಎಡಿ ಹೊಡ್ಯಾಕ ಬಾ" ಎಂದು ಫೋನಿಗೆ ಹೇಳಿದರು. ಅದು "ನಾಳೆ ಎಡಗಡೆ ಹೊಡೆಯಲು ಬಾ" ಎಂದು ಬರೆದು ಕಳಿಸಿತು. ಆಳು ಮಾರನೇ ದಿನ ಬರಲಿಲ್ಲ. ಪಂಪನಿಗೆ ತಿಳಿದದ್ದು ಎಐಗೆ ತಿಳಿಯಲು ಇನ್ನೆಷ್ಟು ಜಿಬಿ ಬೇಕೋ.

ರೊಕ್ಕ ಇಲ್ಲದಿದ್ದರೆ ಕಂತು ಇದ್ದೇ ಇದೆ. ಗದಗಿಗೆ ಸಾಲ ಹೊಸದಲ್ಲ. 1905ರಲ್ಲಿ ಸಿದ್ಧನಗೌಡ ಪಾಟೀಲರು ಕಣಗಿನಹಾಳದಲ್ಲಿ ಕಟ್ಟಿದ ಸಹಕಾರ ಸಂಘ ಏಷ್ಯಾಕ್ಕೇ ಮೊದಲನೆಯದೆಂದು ನಾವು ಎದೆಯುಬ್ಬಿಸುತ್ತೇವೆ. ಆಗ ಒಬ್ಬನ ಸಾಲಕ್ಕೆ ಇಡೀ ಸಂಘ ಜಾಮೀನು, ಹೀಗಾಗಿ ಪಕ್ಕದ ಮನೆಯವ ಎಂಥವನೆಂದು ಊರು ವಿಚಾರಿಸುತ್ತಿತ್ತು. ಈಗ ಆಧಾರ್ ನಂಬರು, ಒಂದು ಸೆಲ್ಫಿ, ಐದು ನಿಮಿಷ. 'ಬಡ್ಡಿ ಇಲ್ಲ' ಎಂದು ದೊಡ್ಡಕ್ಷರ, ಪ್ರೊಸೆಸಿಂಗ್ ಫೀಸು ಸಣ್ಣಕ್ಷರ. ಜಾಮೀನಿಗೆ ಯಾರೂ ಬೇಡ, ಕೆಲವು ಸಾಲಗಳಲ್ಲಿ ಫೋನೇ ಜಾಮೀನು: ಕಂತು ತಪ್ಪಿದರೆ ದೂರದ ಯಾವುದೋ ಊರಿನಿಂದ ಅದಕ್ಕೆ ಬೀಗ ಜಡಿಯುವ ಆಪನ್ನು ಮೊದಲೇ ಹಾಕಿಟ್ಟದ್ದೂ ಉಂಟು.

ಇಷ್ಟೆಲ್ಲ ತಪ್ಪು ಲೆಕ್ಕಗಳ ನಡುವೆ ಒಂದೇ ಒಂದು ಲೆಕ್ಕ ಪೈಸೆಗೆ ಪೈಸೆ ಸರಿ ಇರುತ್ತದೆ. ಅದು ಬಿಲ್ಲಿನ ಕೆಳತುದಿಯಲ್ಲಿದೆ. ಫೋನಿನ ಮೇಲಿನ ಜಿಎಸ್‌ಟಿ 2020ರ ಏಪ್ರಿಲ್ 1ರಂದು ಶೇ 12ರಿಂದ 18ಕ್ಕೆ ಅಪ್‌ಗ್ರೇಡ್ ಆಯಿತು. 2025ರ ಸೆಪ್ಟೆಂಬರ್‌ನಲ್ಲಿ ಏಸಿ, ದೊಡ್ಡ ಟಿವಿಗಳ ತೆರಿಗೆ 28ರಿಂದ 18ಕ್ಕೆ ಇಳಿದಾಗಲೂ ಫೋನಿನದು ಅಲ್ಲಿಯೇ ಉಳಿಯಿತು. 9,999 ರೂಪಾಯಿಯ ಫೋನಿನಲ್ಲಿ 1,525 ರೂಪಾಯಿ ತೆರಿಗೆ. ಇಲ್ಲದ ನಾಲ್ಕು ಜಿಬಿ, ಕಾಣದ ಎರಡು ಕಣ್ಣು ಎಲ್ಲದರ ಮೇಲೂ ಸೇರಿ. ಅದು ಮಾತ್ರ ವರ್ಚುವಲ್ ಅಲ್ಲ.