ರೀಲ್ಸ್ ಮೀಮಾಂಸೆ

ನಿಲುವು ಚೌಕಟ್ಟಿನಲ್ಲಿ ಚಿತ್ರಿತವಾಗಿ, ನೋಡುಗರ ಹೆಬ್ಬೆರಳಿನ ಕೃಪೆಯಿಂದ ಮಾತ್ರ ಜೀವ ಹಿಡಿದುಕೊಂಡು, ಮುಗಿದ ಕೂಡಲೇ ಮತ್ತೆ ಮೊದಲಿನಿಂದ ಶುರುವಾಗುವ ದೃಶ್ಯಪ್ರಬಂಧಕ್ಕೆ ರೀಲ್ಸ್ ಎಂದು ಹೆಸರು. ಅವ್ಯಾಪ್ತಿ, ಅತಿವ್ಯಾಪ್ತಿ, ಅಸಂಭವ ಎಂಬ ಮೂರು ದೋಷಗಳಲ್ಲಿ ಯಾವುದೂ ಈ ಲಕ್ಷಣಕ್ಕೆ ತಗಲುವುದಿಲ್ಲ. ‘ನಿಲುವು ಚೌಕಟ್ಟು’ ಎಂದದ್ದರಿಂದ ಮದುವೆಮನೆಯ ಮೂರು ಗಂಟೆಯ ವಿಡಿಯೋ ಹೊರಗುಳಿಯಿತು. ‘ಹೆಬ್ಬೆರಳಿನ ಕೃಪೆ’ ಎಂದದ್ದರಿಂದ ಧಾರಾವಾಹಿ ಹೊರಗುಳಿಯಿತು; ಅದರ ಆಯುಷ್ಯ ರಿಮೋಟು ಯಾರ ಕೈಯಲ್ಲಿದೆ ಎಂಬುದನ್ನು ಅವಲಂಬಿಸಿದೆ. ‘ಮತ್ತೆ ಮೊದಲಿನಿಂದ’ ಎಂಬ ಮಾತನ್ನು ಸೇರಿಸಿದ್ದು ವಾಟ್ಸಾಪಿನ ಶುಭೋದಯ ಸಂದೇಶಗಳನ್ನು ತಡೆಯಲಿಕ್ಕೆ. ಅವೂ ದಿನಾ ಬೆಳಿಗ್ಗೆ ಮೊದಲಿನಿಂದಲೇ ಶುರುವಾಗುವುದರಿಂದ ಈ ಒಂದು ಪದದ ಬಗ್ಗೆ ಪಂಡಿತರಲ್ಲಿ ಒಮ್ಮತವಿಲ್ಲ.

ಪ್ರಕಾರದ ಮೂಲ ಬಹಳ ಹಳೆಯದು. 1895ರ ಡಿಸೆಂಬರ್ 28ರಂದು ಪ್ಯಾರಿಸ್ಸಿನ ಗ್ರಾಂಡ್ ಕೆಫೆಯಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಹತ್ತು ಚಿತ್ರಗಳಲ್ಲಿ ಯಾವುದೂ ಒಂದು ನಿಮಿಷ ದಾಟುತ್ತಿರಲಿಲ್ಲ. ಅವುಗಳಲ್ಲೊಂದರಲ್ಲಿ ತೋಟದ ಮಾಲಿ ನೀರು ಬಿಡುತ್ತಿರುತ್ತಾನೆ, ಹುಡುಗನೊಬ್ಬ ಹಿಂದಿನಿಂದ ಬಂದು ಪೈಪನ್ನು ತುಳಿಯುತ್ತಾನೆ, ನೀರು ಏಕೆ ನಿಂತಿತೆಂದು ಮಾಲಿ ಪೈಪಿನ ಬಾಯಿಗೆ ಕಣ್ಣಿಡುತ್ತಾನೆ, ಹುಡುಗ ಕಾಲು ತೆಗೆಯುತ್ತಾನೆ. ಪ್ರಾಂಕ್ ರೀಲ್ಸಿನ ವ್ಯಾಕರಣ ಅಲ್ಲಿಗೇ ಪೂರ್ಣವಾಗಿತ್ತು. ಆಮೇಲೆ ಸೇರಿದ್ದು ಹಿನ್ನೆಲೆಯ ನಗು ಮಾತ್ರ. ನಡುವಿನ ನೂರು ಚಿಲ್ಲರೆ ವರ್ಷ ಸಿನಿಮಾ ಉದ್ದವಾಗುತ್ತಾ ಹೋದದ್ದನ್ನು ಶಾಸ್ತ್ರವು ಒಂದು ದೀರ್ಘ ವಿಸ್ಮೃತಿ ಎಂದು ಪರಿಗಣಿಸುತ್ತದೆ. 2013ರಲ್ಲಿ ವೈನ್ ಎಂಬ ಆಪ್ ಆರು ಸೆಕೆಂಡಿಗೆ ಮಿತಿ ಹಾಕಿ ಕಲೆಯನ್ನು ಸರಿದಾರಿಗೆ ತಂದಿತು, ತಂದ ನಾಲ್ಕು ವರ್ಷಕ್ಕೆ ತಾನೇ ಮುಚ್ಚಿತು. ಭಾರತದಲ್ಲಿ ಟಿಕ್‌ಟಾಕ್ 2020ರ ಜೂನ್ 29ರಂದು ನಿಷೇಧಕ್ಕೊಳಗಾಯಿತು. ಇನ್‌ಸ್ಟಾಗ್ರಾಂ ಇಲ್ಲಿ ರೀಲ್ಸ್ ತೆರೆದದ್ದು ಜುಲೈ 8ರಂದು. ಗತಿಸಿದ ದಿನವನ್ನೂ ಸೇರಿಸಿ ಎಣಿಸಿದರೆ ಸರಿಯಾಗಿ ಹತ್ತು ದಿನ, ಅಂದರೆ ಸೂತಕ ಕಳೆಯಲು ಧರ್ಮಶಾಸ್ತ್ರ ವಿಧಿಸಿದ ಅವಧಿ. ಕಂಪನಿಯವರು ಯಾವ ಪುರೋಹಿತರನ್ನು ಕೇಳಿದರೆಂಬುದಕ್ಕೆ ದಾಖಲೆಯಿಲ್ಲ. ಅದೇ ಸೆಪ್ಟೆಂಬರಿನಲ್ಲಿ ಯೂಟ್ಯೂಬ್ ಶಾರ್ಟ್ಸ್ ಕೂಡ ಮೊದಲು ಭಾರತದಲ್ಲೇ ಪರೀಕ್ಷೆಗೆ ಇಳಿಯಿತು.

ಯಾವುದೇ ಶಾಸ್ತ್ರಗ್ರಂಥ ವಿಷಯ, ಪ್ರಯೋಜನ, ಸಂಬಂಧ, ಅಧಿಕಾರಿ ಎಂಬ ಅನುಬಂಧ ಚತುಷ್ಟಯವನ್ನು ಮೊದಲು ನಿರ್ಣಯಿಸಬೇಕು. ರೀಲ್ಸಿಗೆ ವಿಷಯ ಇರಲೇಬೇಕೆಂಬ ನಿಯಮವಿಲ್ಲದ ಕಾರಣ ಮೂರು ಉಳಿಯುತ್ತವೆ. ಪ್ರಯೋಜನ ಫಾಲೋವರ್ಸ್. ಸಂಬಂಧವೂ ಫಾಲೋವರ್ಸ್ ಜೊತೆಗೇ. ಹಳೆಯ ಸಂಬಂಧಗಳು, ಅಂದರೆ ಚಿಕ್ಕಪ್ಪ, ದೊಡ್ಡಮ್ಮ, ಹೈಸ್ಕೂಲಿನ ಗೆಳೆಯರು, ಮೊದಲ ಐವತ್ತು ಲೈಕುಗಳ ಲೆಕ್ಕಕ್ಕೆ ಬರುತ್ತವೆ. ಅಧಿಕಾರಿಗೆ ಸಾಧನಗಳು ನಾಲ್ಕು: ಮೊಬೈಲು, ಟ್ರೈಪಾಡು, ರಿಂಗ್ ಲೈಟು ಮತ್ತು ಹಿಡಿದುಕೊಂಡು ಚಿತ್ರಿಸುವ ತಮ್ಮ. ಮೊದಲ ಮೂರು ಇಎಂಐನಲ್ಲಿ ದೊರೆಯುತ್ತವೆ. ತಮ್ಮ ಇಲ್ಲದ ಪಕ್ಷದಲ್ಲಿ ಗಂಡನೂ ಆಗುತ್ತದೆ. ಏಳನೇ ಟೇಕಿಗೆ “ಇನ್ನೊಂದೇ ಒಂದ್ಸಲ” ಎಂಬ ಮಾತು ಕಿವಿಗೆ ಬಿದ್ದಾಗ ಕೈ ನಡುಗದಿರುವ ಗುಣಕ್ಕೆ ವೇದಾಂತಿಗಳು ತಿತಿಕ್ಷೆ ಎನ್ನುತ್ತಾರೆ. ರೀಲ್ಸ್ ಮಾಡುವವರಿಗಿಂತ ಹಿಡಿಯುವವರಲ್ಲೇ ಅದು ಹೆಚ್ಚು.

ನಾಟ್ಯಶಾಸ್ತ್ರವು ಅಭಿನಯವನ್ನು ಆಂಗಿಕ, ವಾಚಿಕ, ಆಹಾರ್ಯ, ಸಾತ್ವಿಕ ಎಂದು ವಿಂಗಡಿಸಿದೆ. ರೀಲ್ಸಿನಲ್ಲಿ ವಾಚಿಕ ಬಹುಪಾಲು ಎರವಲು: ಟ್ರೆಂಡಿಂಗ್ ಆಡಿಯೋ ಪರರದು, ತುಟಿ ಮಾತ್ರ ಸ್ವಂತದ್ದು. ಸಾತ್ವಿಕವನ್ನು, ಅಂದರೆ ಕಣ್ಣೀರು, ಬೆವರು, ಬಣ್ಣಗೆಡುವಿಕೆಯನ್ನು, ಫಿಲ್ಟರ್ ವಹಿಸಿಕೊಂಡಿದೆ. ಆಹಾರ್ಯದಲ್ಲಿ ಟವೆಲೇ ಸರ್ವಸ್ವ. ಒಬ್ಬನೇ ಹುಡುಗ ಅದನ್ನು ತಲೆಯಿಂದ ಇಳಿಬಿಟ್ಟರೆ ಅಮ್ಮ, ಹೆಗಲಿಗೆ ಹಾಕಿದರೆ ಅಪ್ಪ, ತೆಗೆದು ಮಂಚಕ್ಕೆ ಎಸೆದರೆ ಮಗ. ಟವೆಲಿನ ಜೊತೆ ಸೌಟಿದ್ದರೆ ಬೆಳಿಗ್ಗೆ, ಪೊರಕೆಯಿದ್ದರೆ ಭಾನುವಾರ. ಅಮ್ಮನಾದವನು ಎಡಕ್ಕೆ ನೋಡಿ ಬೈಯಬೇಕು, ಮಗನಾದವನು ಬಲಕ್ಕೆ ನೋಡಿ ಬೈಸಿಕೊಳ್ಳಬೇಕು. ಇಬ್ಬರೂ ಒಂದೇ ಕಡೆಗೆ ನೋಡಿದರೆ ತಾಯಿ ಮಗ ಸೇರಿ ಪಕ್ಕದ ಮನೆಯವರನ್ನು ಬೈಯುತ್ತಿದ್ದಾರೆಂಬ ಅಪಾರ್ಥಕ್ಕೆ ಎಡೆಯಾಗುತ್ತದೆ. ಪ್ರಾಂತಭೇದದಿಂದ ಪಾಠಭೇದವೂ ಉಂಟು. ಅದೇ ಟವೆಲ್ ಹುಬ್ಬಳ್ಳಿಯಲ್ಲಿ “ಏಳಲೇ, ಎಷ್ಟೊತ್ತ ಮಲಗ್ತಿ” ಎನ್ನುತ್ತದೆ, ಕುಂದಾಪುರದಲ್ಲಿ “ಏಳ್ ಮಾರಾಯ, ಗಂಟೆ ಎಷ್ಟಾಯ್ತ್ ಕಾಣ್” ಎನ್ನುತ್ತದೆ. ಟವೆಲಿನ ಬಣ್ಣದಲ್ಲಿ ಮಾತ್ರ ಅಖಂಡ ಕರ್ನಾಟಕ ಒಂದೇ.

ಇನ್ನು ಆರಂಭ. ಕಂಪನಿ ನಾಟಕದಲ್ಲಿ ನಾಂದಿ ಇತ್ತು, ಯಕ್ಷಗಾನದಲ್ಲಿ ಪೂರ್ವರಂಗವಿದೆ, ಹಳಗನ್ನಡ ಕಾವ್ಯದಲ್ಲಿ ಇಷ್ಟದೇವತಾ ಸ್ತುತಿ, ಪೂರ್ವಕವಿ ಸ್ಮರಣೆ, ಕುಕವಿ ನಿಂದೆ ಎಲ್ಲ ಮುಗಿದ ಮೇಲೆ ಕಥೆ. ರೀಲ್ಸಿನಲ್ಲಿ ಇವೆಲ್ಲವೂ ಹುಕ್ ಎಂಬ ಒಂದೇ ಅಂಗದಲ್ಲಿ ಅಡಗಿರಬೇಕು. ಅದಕ್ಕೆ ಸಿಗುವ ಕಾಲಾವಕಾಶ ಮೂರು ಸೆಕೆಂಡು. ಆದ್ದರಿಂದ “ಎಲ್ಲರಿಗೂ ನಮಸ್ಕಾರ” ಎನ್ನುವುದು ಆತ್ಮಹತ್ಯೆಗೆ ಸಮಾನವೆಂದು ಎಲ್ಲ ಸಂಪ್ರದಾಯಗಳೂ ಒಪ್ಪುತ್ತವೆ, ಏಕೆಂದರೆ ಪ್ರತಿನಮಸ್ಕಾರಕ್ಕೆ ಮುಂಚೆಯೇ ಹೆಬ್ಬೆರಳು ಎದ್ದಿರುತ್ತದೆ. ನಮಸ್ಕಾರದ ಜಾಗದಲ್ಲಿ ಭಯವನ್ನು ಇಡುವುದು ಪ್ರಶಸ್ತ: “ನೀವೂ ಅಕ್ಕಿ ಹೀಗೇ ತೊಳೀತಿದ್ದೀರಾ? ತಕ್ಷಣ ನಿಲ್ಲಿಸಿ.” ಅಕ್ಕಿಯನ್ನು ಸರಿಯಾಗಿ ತೊಳೆಯುವ ಕ್ರಮ ಪಾರ್ಟ್ 2ರಲ್ಲಿರುತ್ತದೆ. ಪಾರ್ಟ್ 2 ಇರುತ್ತದೆ ಎಂಬುದು ಶಬ್ದಪ್ರಮಾಣದಿಂದ ಮಾತ್ರ ಸಿದ್ಧ.

ಅಂತ್ಯವನ್ನು ಆರಂಭಕ್ಕೆ ಹೊಲಿಯುವ ಕೌಶಲಕ್ಕೆ ಲೂಪ್ ಎಂದು ಹೆಸರು. ಒಂದು ಪಾದದ ಕೊನೆಯ ಪದವನ್ನೇ ಮುಂದಿನ ಪಾದದ ಮೊದಲಿಗೆ ತರುವ ಮುಕ್ತಪದಗ್ರಸ್ತವನ್ನು ಬಲ್ಲ ಓದುಗರಿಗೆ ಇದು ಹೊಸದೇನಲ್ಲ. “ಅದಕ್ಕೇ ದೊಡ್ಡೋರು ಹೇಳೋದು” ಎಂದು ಮುಗಿದ ರೀಲ್ಸ್ “ರಾತ್ರಿ ಮೊಸರು ತಿನ್ನಬಾರದು” ಎಂದು ಶುರುವಾದರೆ ನೋಡುಗ ತಿಳಿಯದೆಯೇ ಎರಡು ಸಲ ನೋಡುತ್ತಾನೆ, ಎರಡು ಸಲವೂ ಮೊಸರು ತಿನ್ನುತ್ತಲೇ ನೋಡುತ್ತಾನೆ. ಲೂಪಿಗಿಂತ ಬಲವಾದದ್ದು ಉದ್ದೇಶಪೂರ್ವಕ ಪ್ರಮಾದ. ಕರ್ನಾಟಕದಲ್ಲಿ 30 ಜಿಲ್ಲೆಗಳಿವೆ ಎಂದು ಗಂಭೀರ ಮುಖದಲ್ಲಿ ಹೇಳಿದರೆ, 2021ರಲ್ಲಿ ವಿಜಯನಗರ ಸೇರಿ 31 ಆಯಿತೆಂದು ತಿದ್ದಲು ಹೊಸಪೇಟೆಯಿಂದ ಕ್ಯಾಲಿಫೋರ್ನಿಯಾದವರೆಗೆ ಕನ್ನಡಿಗರು ಧಾವಿಸಿ ಬರುತ್ತಾರೆ. ಬಿಸಿಬೇಳೆಬಾತಿಗೆ ಬೆಳ್ಳುಳ್ಳಿ ಹಾಕಿದ ರೀಲ್ಸಂತೂ ವಾರಗಟ್ಟಲೆ ಬದುಕುತ್ತದೆ. ನ್ಯಾಯಶಾಸ್ತ್ರ ಚರ್ಚೆಯನ್ನು ವಾದ, ಜಲ್ಪ, ವಿತಂಡ ಎಂದು ಮೂರು ಬಗೆಯಾಗಿ ಹೇಳಿದೆ. ಕಮೆಂಟಿನಲ್ಲಿ ಮೊದಲೆರಡು ಕಾಣಸಿಗುವುದು ಅಪರೂಪ. ಅಲ್ಗಾರಿದಮ್ಮಿಗೆ ಬೈಗುಳವೂ ಒಂದು ಕಮೆಂಟು, ಹೊಗಳಿಕೆಯೂ ಒಂದು ಕಮೆಂಟು. ಸಮದರ್ಶಿತ್ವದ ಇಷ್ಟು ಶುದ್ಧ ಉದಾಹರಣೆ ಬೇರೆಡೆ ಇಲ್ಲ.

ಭರತನು ಹೇಳಿದ ಎಂಟು ರಸಗಳೂ ರೀಲ್ಸಿನಲ್ಲಿ ನಿಷ್ಪನ್ನವಾಗುತ್ತವೆ. ಹಾಸ್ಯ ಟವೆಲಿನಿಂದ ಸಿದ್ಧಿಸಿದೆ. ಶೃಂಗಾರಕ್ಕೆ ಪ್ರೀವೆಡ್ಡಿಂಗ್, ರೌದ್ರಕ್ಕೆ ಪಾರ್ಕಿಂಗ್, ವೀರಕ್ಕೆ ಬೈಕಿನ ಮುಂದಿನ ಚಕ್ರ ಎತ್ತುವುದು. ಬೀಭತ್ಸಕ್ಕೆ ಫ್ಯಾಂಟಾದಲ್ಲಿ ಬೇಯಿಸಿದ ಮ್ಯಾಗಿ ಸಾಕು. ಭಯಾನಕ ರಸ ಮಳೆಗಾಲದಲ್ಲಿ, ಜಲಪಾತದ ಪಾಚಿಗಟ್ಟಿದ ಬಂಡೆಯ ಮೇಲೆ, ಎಚ್ಚರಿಕೆ ಫಲಕದ ಆಚೆ ಬದಿಯಲ್ಲಿ ಹುಟ್ಟುತ್ತದೆ; ಈ ರಸದಲ್ಲಿ ಪಾರ್ಟ್ 2ಕ್ಕೆ ಖಾತ್ರಿಯಿಲ್ಲ. ಕರುಣ ರಸದ ಆಲಂಬನ ಬಡವರು: ರಸ್ತೆಬದಿಯ ಅಜ್ಜಿಗೆ ಐನೂರರ ನೋಟು ಕೊಟ್ಟು, ಆಕೆ ಕೈಮುಗಿಯುವುದನ್ನು ನಿಧಾನಗತಿಯಲ್ಲಿ ತೋರಿಸಬೇಕು. ಬಲಗೈ ಕೊಟ್ಟದ್ದು ಎಡಗೈಗೆ ತಿಳಿಯಬಾರದೆಂಬ ಹಳೆಯ ನಿಯಮ ಇಲ್ಲಿ ಅನ್ವಯಿಸುವುದಿಲ್ಲ, ಮೊಬೈಲು ಎಡಗೈಯಲ್ಲಿರುತ್ತದೆ. ಹಿಂದಿನವರು ಆಮೇಲೆ ಸೇರಿಸಿದ ಒಂಬತ್ತನೆಯ ರಸ ಶಾಂತ. ಅದಕ್ಕೆ ವ್ಯೂಸ್ ಬರುವುದಿಲ್ಲ.

ಉಳಿದ ಅದ್ಭುತ ರಸದ ಹೊಲದಲ್ಲೇ ಪ್ರಯೋಗ ರೀಲ್ಸ್ ಬೆಳೆಯುವುದು. ಚಿಟಿಕೆ ಹೊಡೆದರೆ ನೈಟಿ ಹೋಗಿ ರೇಷ್ಮೆ ಸೀರೆ ಬರುವ ಟ್ರಾನ್ಸಿಷನ್ ಅನ್ನು ಪ್ರತಿ ಶ್ರಾವಣದಲ್ಲೂ ಹೊಸದಾಗಿ ಕಂಡುಹಿಡಿಯಲಾಗುತ್ತದೆ. ಕ್ಯಾಮೆರಾ ನಿಲ್ಲಿಸಿ, ವಸ್ತು ಬದಲಿಸಿ, ಮತ್ತೆ ಓಡಿಸುವ ಇದೇ ಉಪಾಯದಿಂದ 1896ರಲ್ಲಿ ಜಾರ್ಜ್ ಮೆಲಿಯೆಸ್ ಎಂಬ ಫ್ರೆಂಚ್ ಚಿತ್ರ ನಿರ್ದೇಶಕ ಕುರ್ಚಿಯ ಮೇಲೆ ಕೂತ ಹೆಂಗಸನ್ನು ಮಾಯ ಮಾಡಿದ್ದ. ವಾಪಸು ಕರೆಸುವ ಮುನ್ನ ಅಲ್ಲಿ ಅಸ್ಥಿಪಂಜರವನ್ನು ಕೂರಿಸಿದ್ದ. ನಾಶವೂ ಪ್ರಯೋಗವೇ. 2006ರಲ್ಲಿ ಅಮೆರಿಕದ ಮಿಕ್ಸಿ ಕಂಪನಿಯೊಂದು ತನ್ನ ಜಾರಿಗೆ ಕಂಡಕಂಡದ್ದನ್ನು ಹಾಕಿ ತಿರುವಿ ಪ್ರಸಿದ್ಧವಾಯಿತು. 2016ರ ಏಪ್ರಿಲಿನಲ್ಲಿ ಬಜ್‌ಫೀಡ್ ಎಂಬ ಜಾಲತಾಣ ಕಲ್ಲಂಗಡಿಯೊಂದಕ್ಕೆ ರಬ್ಬರ್ ಬ್ಯಾಂಡ್ ಹಾಕುತ್ತಾ ಹೋಗಿ, ಅದು ಒಡೆಯುವವರೆಗಿನ ಮುಕ್ಕಾಲು ಗಂಟೆಯನ್ನು ನೇರಪ್ರಸಾರ ಮಾಡಿತು. ಒಂದು ಹಂತದಲ್ಲಿ ಎಂಟು ಲಕ್ಷಕ್ಕೂ ಹೆಚ್ಚು ಜನ ಏಕಕಾಲಕ್ಕೆ ನೋಡುತ್ತಿದ್ದರು. ಏನೂ ಮಾಡದಿರುವುದು ಪರಮ ಪ್ರಯೋಗ: 2019ರ ಜನವರಿಯಲ್ಲಿ ಬಿಳಿ ಹಿನ್ನೆಲೆಯ ಒಂದು ಕೋಳಿಮೊಟ್ಟೆಯ ಚಿತ್ರ ಇನ್‌ಸ್ಟಾಗ್ರಾಮಿನ ಲೈಕ್ ದಾಖಲೆಯನ್ನು ಮುರಿಯಿತು. ಅದಕ್ಕೆ ಹುಕ್ ಇರಲಿಲ್ಲ, ರಿಂಗ್ ಲೈಟಿನ ಗುರುತಿಲ್ಲ, ತಮ್ಮನ ಉಲ್ಲೇಖವೂ ಇಲ್ಲ. ಶಾಸ್ತ್ರ ಈ ಮೊಟ್ಟೆಯನ್ನು ಅಪವಾದವೆಂದು ಬದಿಗಿಡುತ್ತದೆ, ಇಡದಿದ್ದರೆ ಶಾಸ್ತ್ರವೇ ಉಳಿಯುವುದಿಲ್ಲ.

ಕಾಲನಿರ್ಣಯದ ಭಾಗ ತುಸು ಜಟಿಲ. ಮಂಗಳವಾರ ಸಂಜೆ 7:42ಕ್ಕೆ ಹಾಕಿದ ಒಂದು ರೀಲ್ಸ್ ಓಡಿತೆಂಬ ಕಾರಣಕ್ಕೆ ಪ್ರತಿ ಮಂಗಳವಾರ ಅದೇ ಗಳಿಗೆಗೆ ಕಾಯುವವರಿದ್ದಾರೆ. ಹಾಕಿದ ಮೇಲೆ ಒಂದು ಗಂಟೆ ಆಪ್ ತೆರೆಯಬಾರದೆಂಬುದು ಒಂದು ಮತ, ಮುಚ್ಚಲೇಬಾರದೆಂಬುದು ಇನ್ನೊಂದು. ಎರಡೂ ಮತಗಳಿಗೆ ಅನುಯಾಯಿಗಳಿದ್ದಾರೆ. ಆ ಅನುಯಾಯಿಗಳಿಗೆ ಮಾತ್ರ ಅನುಯಾಯಿಗಳಿಲ್ಲ. ವ್ಯೂಸ್ ಬಂದರೆ ಅದು ಪ್ರತಿಭೆ, ಬಾರದಿದ್ದರೆ ಶ್ಯಾಡೋಬ್ಯಾನ್ ಎಂಬ ಗುಪ್ತ ನಿಷೇಧ. ಹ್ಯಾಷ್‌ಟ್ಯಾಗಿನ ಚರ್ಚೆ ಅನವಶ್ಯಕ: ಎಲ್ಲರೂ ಹಾಕುತ್ತಾರೆ, ಯಾರೂ ಓದುವುದಿಲ್ಲ.

ಈ ವ್ರತಗಳ ಮೂಲವನ್ನು ಅಮೆರಿಕದ ಮನಶ್ಶಾಸ್ತ್ರಜ್ಞ ಬಿ. ಎಫ್. ಸ್ಕಿನ್ನರ್ 1948ರಲ್ಲೇ ಗುರುತಿಸಿದ್ದ. ಹಸಿದ ಎಂಟು ಪಾರಿವಾಳಗಳನ್ನು ಪಂಜರಗಳಲ್ಲಿಟ್ಟು, ಅವು ಏನೇ ಮಾಡಲಿ ಬಿಡಲಿ, ಗೊತ್ತಾದ ಅಂತರಕ್ಕೊಮ್ಮೆ ಕಾಳು ಬೀಳುವಂತೆ ಮಾಡಿದ. ಕಾಳು ಬಿದ್ದ ಕ್ಷಣದಲ್ಲಿ ತಾನು ಏನು ಮಾಡುತ್ತಿದ್ದೆನೋ ಅದರಿಂದಲೇ ಕಾಳು ಬಿತ್ತೆಂಬಂತೆ ಒಂದು ಹಕ್ಕಿ ಅಪ್ರದಕ್ಷಿಣೆ ಹಾಕತೊಡಗಿತು, ಇನ್ನೊಂದು ಪಂಜರದ ಮೇಲಿನ ಮೂಲೆಗೆ ತಲೆ ತೂರಿಸತೊಡಗಿತು. ಎಂಟರಲ್ಲಿ ಆರು ಹೀಗೆ ತಮ್ಮ ತಮ್ಮ ಆಚಾರಗಳನ್ನು ಕಟ್ಟಿಕೊಂಡವು. ಉಳಿದೆರಡು ಪಾರಿವಾಳಗಳಿಗೆ ಕಂಟೆಂಟ್ ಕ್ರಿಯೇಷನ್ ಒಗ್ಗಲಿಲ್ಲ ಎಂದು ಊಹಿಸಬಹುದು. ಸ್ಕಿನ್ನರನ ಹಕ್ಕಿಗಳಿಗೂ ಕ್ರಿಯೇಟರುಗಳಿಗೂ ಇರುವ ಮುಖ್ಯ ವ್ಯತ್ಯಾಸವೆಂದರೆ ಅಪ್ರದಕ್ಷಿಣೆ ಹಾಕಿ ಯಶಸ್ವಿಯಾದ ಹಕ್ಕಿ ಉಳಿದವಕ್ಕೆ 999 ರೂಪಾಯಿಗೆ ಕೋರ್ಸ್ ಮಾರಲಿಲ್ಲ.

ವಿಜ್ಞಾನದಲ್ಲಿ ಪ್ರಯೋಗವೆಂದರೆ ಒಂದನ್ನು ಬದಲಿಸಿ ಉಳಿದೆಲ್ಲವನ್ನು ಹಾಗೇ ಇಡುವುದು. ಕ್ರಿಯೇಟರ್ ಅಂಗಿ ಬದಲಿಸುವಷ್ಟರಲ್ಲಿ ಕಂಪನಿ ನೋಡುಗರನ್ನು, ತೋರಿಸುವ ಕ್ರಮವನ್ನು, ಎಣಿಸುವ ಬಗೆಯನ್ನು ಬದಲಿಸಿರುತ್ತದೆ. 2025ರ ಮಾರ್ಚ್ 31ರಿಂದ ಶಾರ್ಟ್ಸ್ ಓಡಲು ಶುರುವಾದರೆ ಸಾಕು, ಅದೂ ಒಂದು ವ್ಯೂ. ದರ್ಶನಮಾತ್ರದಿಂದ ಪುಣ್ಯ ಎಂಬ ಸಿದ್ಧಾಂತಕ್ಕೆ ತಂತ್ರಜ್ಞಾನದ ಒಪ್ಪಿಗೆ ದೊರೆತಂತಾಯಿತು. ಇನ್‌ಸ್ಟಾಗ್ರಾಂ 2024ರ ಡಿಸೆಂಬರಿನಲ್ಲಿ ಟ್ರಯಲ್ ರೀಲ್ಸ್ ಎಂಬ ವ್ಯವಸ್ಥೆಯನ್ನೇ ತಂದಿತು. ಇಲ್ಲಿ ರೀಲ್ಸನ್ನು ಮೊದಲು ಫಾಲೋವರ್ಸ್ ಅಲ್ಲದವರಿಗೆ ತೋರಿಸಿ, ಚೆನ್ನಾಗಿ ಓಡಿದರೆ ಆಮೇಲೆ ಸ್ವಂತ ಫಾಲೋವರ್ಸ್ ಮುಂದಿಡಲಾಗುತ್ತದೆ. ಅಪರಿಚಿತರು ಒಪ್ಪಿದ ಮೇಲೆ ಮನೆಯವರಿಗೆ ಹೇಳುವುದು ಪ್ರೇಮವಿವಾಹಗಳಲ್ಲಿ ಮೊದಲಿನಿಂದ ಇದ್ದ ಪದ್ಧತಿ. ಒಟ್ಟಿನಲ್ಲಿ ಪ್ರಯೋಗಶಾಲೆ ಕಂಪನಿಯದು, ಅಳತೆಗೋಲು ಕಂಪನಿಯದು, ದಾಖಲೆ ಪುಸ್ತಕವೂ ಕಂಪನಿಯದು. ಕ್ರಿಯೇಟರ್ ಪಾಲಿಗೆ ಪಂಜರದೊಳಗಿನ ಸ್ಥಾನ ಉಳಿಯುತ್ತದೆ, ಅದರ ಬೆಳಕಿನ ವ್ಯವಸ್ಥೆ ಅವರ ಖರ್ಚಿನಲ್ಲಿ.

ಕೊನೆಯದು ಫಲಶ್ರುತಿ. ಶಾರ್ಟ್ಸ್ ದಾರಿಯಿಂದ ಜಾಹೀರಾತಿನ ಪಾಲು ಪಡೆಯಲು ಯೂಟ್ಯೂಬಿನಲ್ಲಿ 1,000 ಚಂದಾದಾರರು ಮತ್ತು 90 ದಿನಗಳಲ್ಲಿ ಒಂದು ಕೋಟಿ ವ್ಯೂಸ್ ಬೇಕು. ಆಮೇಲೆ ಕ್ರಿಯೇಟರ್ ಹೆಸರಿಗೆ ಬಂದ ಮೊತ್ತದಲ್ಲಿ ಶೇ. 45 ಅವರ ಕೈಸೇರುತ್ತದೆ. ಹಿಡಿದುಕೊಂಡ ತಮ್ಮನ ಪಾಲಿನ ಬಗ್ಗೆ ನಿಯಮಾವಳಿ ಮೌನವಾಗಿದೆ. ಚಂದಾದಾರರ ಸಂಖ್ಯೆ ಒಂದು ಲಕ್ಷ ಮುಟ್ಟಿದವರಿಗೆ ಬೆಳ್ಳಿ ಫಲಕ ಕಳಿಸಿಕೊಡುತ್ತಾರೆ. ಅದು ಬೆಳ್ಳಿಯದಲ್ಲ.